ಕಡಲ ಮೇಲಿನ ಕೊನೆಯ ಎರಡು ಮೈಲು

2024ರ ಸೆಪ್ಟೆಂಬರ್ 2ರ ರಾತ್ರಿ. ಗುಜರಾತಿನ ಪೋರಬಂದರಿನಿಂದ ಸುಮಾರು 45 ಕಿಲೋಮೀಟರ್ ದೂರದ ಕಡಲಿನಲ್ಲಿ ‘ಹರಿಲೀಲಾ’ ಎಂಬ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡಿದ್ದ ನಾವಿಕನನ್ನು ದಡಕ್ಕೆ ಕರೆತರಲು ಭಾರತೀಯ ಕರಾವಳಿ ಕಾವಲು ಪಡೆಯ ‘ಧ್ರುವ’ ಹೆಲಿಕಾಪ್ಟರ್ ಹೊರಟಿತು. ಒಳಗಿದ್ದವರು ನಾಲ್ವರು, ಇಬ್ಬರು ಪೈಲಟ್‌ಗಳು, ಇಬ್ಬರು ಡೈವರ್‌ಗಳು. ಹಡಗನ್ನು ಸಮೀಪಿಸುತ್ತಿದ್ದ ಹೊತ್ತಿನಲ್ಲಿಯೇ ಅದು ಸಮುದ್ರಕ್ಕೆ ಬಿದ್ದಿತು. ಒಬ್ಬ ಡೈವರ್ ಬದುಕಿ ಬಂದರು. ಇಬ್ಬರ ಮೃತದೇಹಗಳು ಬೇಗ ದೊರೆತವು. ಇನ್ನೊಬ್ಬ ಪೈಲಟ್‌ನ ದೇಹ ಸಿಕ್ಕಿದ್ದು ತಿಂಗಳಿಗೂ ಹೆಚ್ಚು ಕಾಲ ಹುಡುಕಿದ ಮೇಲೆ, ಅಕ್ಟೋಬರಿನಲ್ಲಿ. ಅದೇ ಹೆಲಿಕಾಪ್ಟರ್ ಕೆಲವೇ ದಿನಗಳ ಹಿಂದೆ ಗುಜರಾತಿನ ನೆರೆಯಲ್ಲಿ ಸಿಲುಕಿದ್ದ 67 ಜನರನ್ನು ಉಳಿಸಿತ್ತೆಂದು ಕಾವಲು ಪಡೆಯೇ ತನ್ನ ಪ್ರಕಟಣೆಯಲ್ಲಿ ತಿಳಿಸಿತ್ತು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2025ರ ಜನವರಿ 5ರಂದು, ಅದೇ ಪಡೆಯ ಇನ್ನೊಂದು ಧ್ರುವ ಪೋರಬಂದರಿನ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ನೆಲಕ್ಕಪ್ಪಳಿಸಿ ಮೂವರು ತೀರಿಹೋದರು. ದೇಶದಲ್ಲಿರುವ 330ರಷ್ಟು ಧ್ರುವಗಳು ಹಾರಾಟ ನಿಲ್ಲಿಸಿದವು. ಹೆಲಿಕಾಪ್ಟರಿನ ರೆಕ್ಕೆಗಳ ಕೋನವನ್ನು ಪೈಲಟ್‌ನ ಕೈಯ ಚಲನೆಗೆ ತಕ್ಕಂತೆ ಬದಲಿಸುವ ‘ಸ್ವಾಶ್‌ಪ್ಲೇಟ್’ ಎಂಬ ಭಾಗ ಮುರಿದಿತ್ತು ಎಂಬುದು ತನಿಖೆಯಿಂದ ಹೊರಬಂದ ಮುಖ್ಯ ಸಂಗತಿ. 2025ರ ಮೇ ತಿಂಗಳಲ್ಲಿ ಭೂಸೇನೆ ಮತ್ತು ವಾಯುಸೇನೆಯ ಧ್ರುವಗಳಿಗೆ ಮತ್ತೆ ಹಾರಲು ಅನುಮತಿ ಸಿಕ್ಕಿತು. ಕಡಲಿನ ಮೇಲೆ ದುಡಿಯುವ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಧ್ರುವಗಳನ್ನು ಆಗ ಕೆಳಗೇ ಉಳಿಸಲಾಯಿತು.

ಇದರಲ್ಲಿ ನಮಗೇನು ಎಂದು ಓದುಗರು ಕೇಳಬಹುದು. ಧ್ರುವ ಸಿದ್ಧವಾಗುವುದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಎಂಬುದು ಒಂದು ನಂಟು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಅದರ ದೋಷದ ಸುದ್ದಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕಾಗುತ್ತದೆ. ಆದರೆ ಅದಕ್ಕಿಂತ ಹತ್ತಿರದ ನಂಟು ಬೇರೆ ಇದೆ. ನಮ್ಮ ಕಾಸರಗೋಡು ಜಿಲ್ಲೆಯ ಉದುಮ, ಪಾಲಕುನ್ನು, ಕೋಟಿಕುಳಂ, ಬೇಕಲ ಭಾಗದಿಂದ ತಲೆಮಾರುಗಳಿಂದ ಜನ ಹಡಗಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಮಂಜೇಶ್ವರದಿಂದ ಕಸಬಾ ಕಡಪ್ಪುರದವರೆಗಿನ ಮೀನುಗಾರ ಮನೆಗಳ ಮಕ್ಕಳು ನಮ್ಮ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತಿದ್ದಾರೆ. ನಡುಗಡಲಿನಲ್ಲಿ ಒಬ್ಬ ನಾವಿಕನ ಕೈ ಮುರಿದರೆ, ಒಬ್ಬ ಮೀನುಗಾರನ ಎದೆ ನೋಯತೊಡಗಿದರೆ, ಆಕಾಶದಿಂದ ಬರುವುದು ಇಂಥದೇ ಒಂದು ಯಂತ್ರ. ಹಗಲಾದರೆ ಹಗಲು, ಇರುಳಾದರೆ ಇರುಳು. ಆ ಯಂತ್ರ ಏಕೆ ಬಿದ್ದಿತೆಂದು ತಿಳಿಯುವ ಹಕ್ಕು ನಮ್ಮ ಮನೆಗಳಿಗೂ ಇದೆ ಎಂಬುದೇ ಈ ಬರಹದ ವಾದ.

ಮೊದಲು ಒಂದು ಮೂಲಭೂತ ಪ್ರಶ್ನೆ. ಸಮುದ್ರದ ಮೇಲೆ ಇಳಿಯುವ, ಇಲ್ಲವೇ ಸಮುದ್ರವನ್ನು ದಾಟಿ ದಡದ ಓಟದಾರಿಗೆ ಇಳಿಯುವ ಸಣ್ಣ ವಿಮಾನಗಳು ಕೊನೆಯ ಕೆಲವು ನಿಮಿಷಗಳಲ್ಲಿಯೇ ಏಕೆ ಸೋಲುತ್ತವೆ?

ತರಗತಿಯಲ್ಲಿ ಈ ವಿಷಯ ಬಂದಾಗ ನಾವು ಒಂದು ಪ್ರಯೋಗ ಮಾಡಿಸುವುದುಂಟು. ತಿರುಗುವ ಕುರ್ಚಿಯಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸುತ್ತೇವೆ. ಅರ್ಧ ನಿಮಿಷದೊಳಗೆ ಆತ ‘ಕುರ್ಚಿ ನಿಂತಿತು’ ಎನ್ನುತ್ತಾನೆ. ಅದು ತಿರುಗುತ್ತಲೇ ಇರುತ್ತದೆ. ನಿಜವಾಗಿ ನಿಲ್ಲಿಸಿದಾಗ ‘ಈಗ ಹಿಂದಕ್ಕೆ ತಿರುಗುತ್ತಿದೆ’ ಎನ್ನುತ್ತಾನೆ. ತರಗತಿ ನಗುತ್ತದೆ. ಒಳಕಿವಿಯ ದ್ರವ ಹೇಳುವುದು ಚಲನೆಯ ಬದಲಾವಣೆಯನ್ನೇ ಹೊರತು ಚಲನೆಯನ್ನಲ್ಲ. ಸತ್ಯವನ್ನು ಹೇಳಬೇಕಾದದ್ದು ಕಣ್ಣು. ಚಂದ್ರನಿಲ್ಲದ ರಾತ್ರಿ ಕಡಲಿನ ಮೇಲೆ ಕಣ್ಣಿಗೆ ಹಿಡಿಯಲು ಏನೂ ಇರುವುದಿಲ್ಲ. ಬಾನಿಗೂ ನೀರಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ದೂರದ ದೋಣಿಯ ದೀಪ ನಕ್ಷತ್ರದಂತೆಯೂ ನಕ್ಷತ್ರ ದೀಪದಂತೆಯೂ ಕಾಣುತ್ತದೆ.

ಇದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗನದು. 1999ರ ಜುಲೈ 16ರ ರಾತ್ರಿ ಕಿರಿಯ ಜಾನ್ ಕೆನಡಿ ತಾವೇ ನಡೆಸುತ್ತಿದ್ದ ಒಂಟಿ ಎಂಜಿನ್ನಿನ ಪೈಪರ್ ಸಾರಾಟೋಗ ವಿಮಾನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದತ್ತ ಇಳಿಯುವಾಗ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು, ಅವರೂ ಪತ್ನಿಯೂ ಪತ್ನಿಯ ಅಕ್ಕನೂ ಸತ್ತರು. ಮಬ್ಬು ಕವಿದ ಕತ್ತಲು. ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತಾಪತ್ರ ಅವರಿಗಿರಲಿಲ್ಲ. ಇರುಳಿನಲ್ಲಿ ನೀರಿನ ಮೇಲೆ ಇಳಿಯುವಾಗ ದಿಕ್ಕಿನ ಅರಿವು ತಪ್ಪಿ ಪೈಲಟ್ ವಿಮಾನದ ಹಿಡಿತ ಕಳೆದುಕೊಂಡರೆಂದು ಅಮೆರಿಕದ ತನಿಖಾ ಮಂಡಳಿ ತೀರ್ಮಾನಿಸಿತು. ಯಂತ್ರದಲ್ಲಿ ಯಾವ ದೋಷವೂ ಕಂಡುಬರಲಿಲ್ಲ.

ಹಾಗೆಂದು ಎಲ್ಲವನ್ನೂ ಪೈಲಟ್‌ನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯಲ್ಲ. ನಮ್ಮಲ್ಲಿ ಆ ಚಾಳಿ ಬಹಳ. ಈ ಮಾತಿಗೆ ಸ್ಕಾಟ್ಲೆಂಡಿನ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಒಂದು ದೇಶ ಒಂದು ಅಪಘಾತದಿಂದ ಎಷ್ಟು ಕಲಿಯಬಹುದೆಂಬುದು ಅಲ್ಲಿ ಕಾಣುತ್ತದೆ.

2013ರ ಆಗಸ್ಟ್ 23ರ ಸಂಜೆ ಉತ್ತರ ಸಮುದ್ರದ ತೈಲ ರಿಗ್‌ನಿಂದ ಕೆಲಸಗಾರರನ್ನು ಹೊತ್ತ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಶೆಟ್ಲೆಂಡ್ ದ್ವೀಪಗಳ ಸಂಬರ್ಗ್ ವಿಮಾನ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. 16 ಪ್ರಯಾಣಿಕರು, ಇಬ್ಬರು ಪೈಲಟ್‌ಗಳು. ಮೋಡ ತೀರ ಕೆಳಗಿತ್ತು. ನಿಲ್ದಾಣಕ್ಕೆ ಇನ್ನು ಎರಡು ಮೈಲಿಯಷ್ಟೇ ಉಳಿದಿರುವಾಗ ಅದು ನೀರಿಗೆ ಬಿದ್ದು ಬೇಗನೆ ತಲೆಕೆಳಗಾಯಿತು. ನಾಲ್ವರು ಪ್ರಯಾಣಿಕರು ಸತ್ತರು. ಹದಿನಾಲ್ಕು ಮಂದಿ ಉಳಿದರು.

ಅಲ್ಲಿಯೂ ಯಂತ್ರ ಕೆಟ್ಟಿರಲಿಲ್ಲ. ಇಳಿಯುವ ಗತಿಯನ್ನು ಆಟೊಪೈಲಟ್ ಕಾಯುತ್ತಿತ್ತು. ಎಂಜಿನ್ನಿನ ಬಲವನ್ನು ಎಷ್ಟಿಡಬೇಕೆಂಬುದು ಪೈಲಟ್‌ನ ಕೈಯಲ್ಲಿತ್ತು. ಬಲ ಸಾಲದಾದಾಗ ಆಟೊಪೈಲಟ್ ತನಗೊಪ್ಪಿಸಿದ ಗತಿಯನ್ನು ಉಳಿಸಿಕೊಳ್ಳಲು ಮೂತಿಯನ್ನು ಮೇಲೆತ್ತುತ್ತ ಹೋಯಿತು. ವೇಗ ಇಳಿಯುತ್ತ ಹೋಯಿತು. ಏರುದಾರಿಯಲ್ಲಿ ಪೆಡಲ್ ತುಳಿಯದೆ ಸೈಕಲ್ಲು ನಡೆಸಿದಂತೆ. ಇಬ್ಬರು ಪೈಲಟ್‌ಗಳಲ್ಲಿ ಯಾರೊಬ್ಬರೂ ವೇಗದ ಮಾಪಕವನ್ನು ಸಕಾಲಕ್ಕೆ ಗಮನಿಸಲಿಲ್ಲ. ಗಮನಿಸುವಷ್ಟರಲ್ಲಿ ಚೇತರಿಸಿಕೊಳ್ಳಲು ಬೇಕಾದ ಎತ್ತರ ಉಳಿದಿರಲಿಲ್ಲ. ಇದನ್ನು ಬ್ರಿಟನ್ನಿನ ತನಿಖಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಯಾರು ಬೇಕಾದರೂ ಓದಬಹುದು.

ಆದರೆ ನಮ್ಮ ಓದುಗರ ಮುಂದಿಡಬೇಕೆಂದು ನಮಗೆ ಅನ್ನಿಸಿದ್ದು ಆ ವರದಿಯ ಇನ್ನೊಂದು ಅಂಶ. ಪ್ರಯಾಣಿಕರು ತೊಟ್ಟಿದ್ದ ಜಾಕೆಟ್ಟಿನಲ್ಲಿ ನೀರಿನಡಿ ಸ್ವಲ್ಪ ಹೊತ್ತು ಉಸಿರಾಡಲು ನೆರವಾಗುವ ಒಂದು ಚೀಲವಿತ್ತು. ಅದರಲ್ಲಿ ತನ್ನದೇ ಆದ ಗಾಳಿಯ ಸಂಗ್ರಹವೂ ಇತ್ತು. ಹಾರಾಟಕ್ಕೆ ಮುನ್ನ ತೋರಿಸುವ ಸುರಕ್ಷತಾ ವಿಡಿಯೊ ಈ ಕೊನೆಯ ಸಂಗತಿಯನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಮುಳುಗುವ ಮುನ್ನ ತಾನೇ ಉಸಿರು ತುಂಬಿದರೆ ಮಾತ್ರ ಆ ಚೀಲದಿಂದ ಪ್ರಯೋಜನ, ಇಲ್ಲವಾದರೆ ಇಲ್ಲ ಎಂದು ತಿಳಿದವನು ಅದನ್ನು ಬಾಯಿಗಿಡಲು ಹಿಂಜರಿಯುವುದು ಸಹಜ. ಉಪಕರಣ ಎದೆಯ ಮೇಲೆಯೇ ಇತ್ತು. ಅದರ ಬಗೆಗಿನ ಒಂದು ವಾಕ್ಯ ತಲೆಗೆ ತಲುಪಿರಲಿಲ್ಲ. ಅದೂ ಪ್ರಯಾಣಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಸೂಚನೆ ಕೊಡುವ ನಾಡಿನಲ್ಲಿ.

ಅಲ್ಲಿಯವರು ಸುಮ್ಮನಿರಲಿಲ್ಲ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ 2014ರಲ್ಲಿಯೇ ಹೊಸ ಕಟ್ಟುಪಾಡುಗಳನ್ನು ತಂದಿತು. ಅಲೆಗಳು ಮಿತಿ ಮೀರಿ ಎದ್ದಿರುವಾಗ ಹಾರಾಟ ಬೇಡ. ಉತ್ತಮ ದರ್ಜೆಯ ಉಸಿರಾಟದ ಸಾಧನವಿಲ್ಲದಿದ್ದರೆ ಒತ್ತಿ ಹೊರತಳ್ಳಬಹುದಾದ ಕಿಟಕಿಯ ಪಕ್ಕದ ಆಸನಗಳಲ್ಲಿ ಮಾತ್ರ ಜನರನ್ನು ಕೂರಿಸಬೇಕು. ಆಸನ ಕಡಿಮೆಯಾದರೆ ಕಂಪನಿಗೆ ನಷ್ಟ. ಆ ನಷ್ಟವನ್ನು ಕಂಪನಿಯ ಲೆಕ್ಕದಲ್ಲಿಯೇ ಇಟ್ಟರು. 2020ರಲ್ಲಿ ಸ್ಕಾಟ್ಲೆಂಡಿನ ನ್ಯಾಯಾಲಯವೊಂದು ಪ್ರತಿಯೊಬ್ಬ ಮೃತರ ಸಾವಿನ ಕಾರಣವನ್ನೂ ಬಹಿರಂಗ ವಿಚಾರಣೆಯಲ್ಲಿ ಪರಿಶೀಲಿಸಿ ತೀರ್ಮಾನ ನೀಡಿತು. ಏಳು ವರ್ಷ ತಡವಾಯಿತೆಂದು ಅಲ್ಲಿನ ಕುಟುಂಬಗಳು ನೊಂದುಕೊಂಡದ್ದು ನ್ಯಾಯವೇ. ನಮ್ಮಲ್ಲಿ ಏಳು ವರ್ಷಕ್ಕಾದರೂ ಅಂಥದೊಂದು ಬಾಗಿಲು ತೆರೆದರೆ ಸಾಕಿತ್ತು.

ನಮ್ಮ ವ್ಯವಸ್ಥೆಯತ್ತ ಬರೋಣ. ನಾಗರಿಕ ವಿಮಾನ ಬಿದ್ದರೆ ತನಿಖೆ ನಡೆಸುವುದು ವಿಮಾನ ಅಪಘಾತ ತನಿಖಾ ಮಂಡಳಿ. ಈ ಸಂಸ್ಥೆ ಹುಟ್ಟಿದ್ದು 2012ರಲ್ಲಿ. ಅದರ ಹಿಂದೆ ಇರುವುದು ನಾವು ಮರೆಯಲಾಗದ ಒಂದು ಬೆಳಗು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ಓಟದಾರಿಯನ್ನು ದಾಟಿ ಕಣಿವೆಗುರುಳಿ 158 ಮಂದಿ ಸತ್ತರು. ಉಳಿದವರು ಎಂಟೇ ಮಂದಿ. ಸತ್ತವರಲ್ಲಿ ಕಾಸರಗೋಡಿನವರು ಅನೇಕರು. ಅದು ಕಡಲಿನ ಅಪಘಾತವಲ್ಲ, ಸಣ್ಣ ವಿಮಾನವೂ ಅಲ್ಲ. ಆದರೆ ತನಿಖೆ ಹೇಳಿದ ಕಾರಣ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು: ಇಳಿಯುವ ಎತ್ತರವೂ ವೇಗವೂ ಹದ ತಪ್ಪಿದ್ದರೂ ಕ್ಯಾಪ್ಟನ್ ಪ್ರಯತ್ನವನ್ನು ಕೈಬಿಡಲಿಲ್ಲ, ಸಹಪೈಲಟ್ ಮೂರು ಸಲ ‘ಮತ್ತೆ ಮೇಲೇರೋಣ’ ಎಂದರೂ ಕೇಳಲಿಲ್ಲ. ಆ ವರದಿ ಹೊರಬಂದದ್ದರಿಂದಲೇ ಇದನ್ನು ನಾವಿಲ್ಲಿ ಬರೆಯಲು ಸಾಧ್ಯವಾಗಿದೆ.

ಪೋರಬಂದರಿನ ವಿಷಯದಲ್ಲಿ ಹಾಗಿಲ್ಲ. ಸೇನೆ, ನೌಕಾಪಡೆ, ಕರಾವಳಿ ಕಾವಲು ಪಡೆಗಳ ಅಪಘಾತಗಳನ್ನು ಆಯಾ ಪಡೆಗಳೇ ತಮ್ಮ ಒಳಗಿನ ವಿಚಾರಣಾ ಸಮಿತಿಯಿಂದ ತನಿಖೆ ಮಾಡಿಸುತ್ತವೆ. ವರದಿ ಸಾರ್ವಜನಿಕರ ಕೈಗೆ ಬರುವುದಿಲ್ಲ. ಯುದ್ಧವಿಮಾನದ ಗುಟ್ಟನ್ನು ಕಾಯುವ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾಯಾಳು ನಾವಿಕನನ್ನು ಕರೆತರಲು ಹೋದ ಹೆಲಿಕಾಪ್ಟರಿನಲ್ಲಿ ಶತ್ರುವಿನಿಂದ ಮುಚ್ಚಿಡಬೇಕಾದ ಗುಟ್ಟು ಯಾವುದು? 2023ರ ಮಾರ್ಚ್ ಒಂದೇ ತಿಂಗಳಲ್ಲಿ ಮುಂಬಯಿಯ ಕಡಲಿನಲ್ಲಿ ನೌಕಾಪಡೆಯ ಧ್ರುವವೊಂದು ನೀರಿಗಿಳಿಯಬೇಕಾಯಿತು, ಕೊಚ್ಚಿಯಲ್ಲಿ ಕಾವಲು ಪಡೆಯ ಧ್ರುವವೊಂದು ಪರೀಕ್ಷಾ ಹಾರಾಟದಲ್ಲಿ ಬಿದ್ದಿತು. ಆ ಎರಡು ಘಟನೆಗಳಲ್ಲಿ ಜೀವಹಾನಿಯಾಗಲಿಲ್ಲ. ಬಳಿಕ ಬಂದ ಎರಡು ಅಪಘಾತಗಳಲ್ಲಿ ಆರು ಜೀವಗಳು ಹೋದವು. ಈ ನಾಲ್ಕರ ನಡುವೆ ಸಂಬಂಧವಿದೆಯೇ, ಉಪ್ಪುಗಾಳಿಯಲ್ಲಿ ದುಡಿಯುವ ಯಂತ್ರಗಳ ಲೋಹ ಬೇಗ ಬಳಲುತ್ತದೆಯೇ, ತಪಾಸಣೆಯ ಅವಧಿ ಬದಲಾಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಬಂದದ್ದೆಲ್ಲ ಪತ್ರಿಕೆಗಳ ‘ಮೂಲಗಳ ಪ್ರಕಾರ’ ಎಂಬ ಬಾಲದೊಡನೆ. ಲೋಹದ ದಣಿವೆಂಬುದು ಹತ್ತನೆಯ ತರಗತಿಯ ಹುಡುಗನಿಗೂ ಅರ್ಥವಾಗುವ ವಿಷಯ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿದವರೆಲ್ಲ ಅದನ್ನು ಕೈಯಾರೆ ಕಂಡಿದ್ದಾರೆ. ಅಷ್ಟು ಸಂಗತಿಯನ್ನು ನಾಲ್ಕು ಪುಟಗಳ ಸಾರಾಂಶವಾಗಿ ಪ್ರಕಟಿಸಿದರೆ ದೇಶದ ಭದ್ರತೆಗೆ ಕುಂದು ಬರುವುದಿಲ್ಲ.

ನಾಗರಿಕ ಹಾರಾಟದಲ್ಲಿಯೂ ನಮ್ಮ ಕಡಲಿನ ದಾಖಲೆ ಸಮಾಧಾನಕರವಲ್ಲ. 2022ರ ಜೂನ್ 28ರಂದು ಪವನ್ ಹಂಸ್ ಸಂಸ್ಥೆಯ ಸಿಕೋರ್ಸ್ಕಿ ಹೆಲಿಕಾಪ್ಟರ್ ಒಎನ್‌ಜಿಸಿಯ ‘ಸಾಗರ್ ಕಿರಣ್’ ರಿಗ್‌ಗೆ ಇಳಿಯಲು ಬರುತ್ತ, ಒಂದೂವರೆ ಕಿಲೋಮೀಟರಿನಷ್ಟು ದೂರವಿರುವಾಗ ಅರಬ್ಬಿ ಸಮುದ್ರಕ್ಕೆ ಬಿದ್ದಿತು. ಒಂಬತ್ತು ಮಂದಿಯಲ್ಲಿ ನಾಲ್ವರು ಸತ್ತರು. ಐವರನ್ನು ರಿಗ್‌ನ ದೋಣಿಯೂ ಹತ್ತಿರದಲ್ಲಿದ್ದ ಹಡಗೂ ಎತ್ತಿಕೊಂಡವು. ಮಳೆಗಾಲದ ಕಡಲು ಹೇಗಿರುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲೆಯ ಎತ್ತರವನ್ನು ನೋಡಿ ಹಾರಾಟ ನಿಲ್ಲಿಸುವ ಬ್ರಿಟನ್ನಿನ ಕಟ್ಟುಪಾಡು ಜೂನ್ ತಿಂಗಳ ಅರಬ್ಬಿ ಸಮುದ್ರಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ.

ಈಗ ಭಾಷೆಯ ಮಾತು. ಕೆಲವರಿಗೆ ಇದು ಎಲ್ಲ ವಿಷಯಕ್ಕೂ ಕನ್ನಡವನ್ನು ಎಳೆದುತರುವ ಹಟದಂತೆ ಕಾಣಬಹುದು. ಕಾಣಲಿ. 1996ರ ನವೆಂಬರಿನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯದ ವಿಮಾನವೊಂದು ಇಂಧನ ಮುಗಿದು ಕೊಮೊರೊಸ್ ದ್ವೀಪದ ದಡದ ಬಳಿ ನೀರಿಗಿಳಿದಾಗ 175 ಮಂದಿಯಲ್ಲಿ 125 ಮಂದಿ ಸತ್ತರು. ಹಲವರು ಲೈಫ್ ಜಾಕೆಟ್‌ಗೆ ಒಳಗಿರುವಾಗಲೇ ಗಾಳಿ ತುಂಬಿಸಿಕೊಂಡಿದ್ದರು. ನೀರು ಒಳನುಗ್ಗಿದಾಗ ಉಬ್ಬಿದ ಜಾಕೆಟ್ ಅವರನ್ನು ಚಾವಣಿಗೆ ಒತ್ತಿಹಿಡಿಯಿತು. ಬಾಗಿಲಿನತ್ತ ಮುಳುಗಿ ಈಜಲಾಗಲಿಲ್ಲ. ‘ಹೊರಬಂದ ಮೇಲೆಯೇ ಗಾಳಿ ತುಂಬಿಸಿ’ ಎಂಬ ಸೂಚನೆಯಲ್ಲಿ ಜೀವ ಉಳಿಸುವ ಪದ ‘ಮೇಲೆಯೇ’ ಎಂಬುದು. ಅಂಥ ಪದವನ್ನು ಅರ್ಧಂಬರ್ಧ ಅರ್ಥವಾಗುವ ಭಾಷೆಯಲ್ಲಿ ಕೇಳಿದವನು ಕತ್ತಲಲ್ಲಿ, ತಲೆಕೆಳಗಾಗಿ, ಉಪ್ಪುನೀರು ಮೂಗಿಗೆ ಹೊಕ್ಕಾಗ ನೆನಪಿಸಿಕೊಳ್ಳುವುದು ಹೇಗೆ?

2018ರ ಡಿಸೆಂಬರಿನಲ್ಲಿ ವಿಮಾನ ನಿಲ್ದಾಣಗಳ ಪ್ರಕಟಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ, ಬಳಿಕ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂಬ ನಿರ್ದೇಶನ ಬಂದಿತು. ಒಳ್ಳೆಯದೇ. ಆದರೆ ಅದು ಕಾಯುವ ಕೊಠಡಿಯ ಧ್ವನಿವರ್ಧಕಕ್ಕೆ ಸಂಬಂಧಿಸಿದ್ದು. ಗೇಟಿನ ಸಂಖ್ಯೆ ಬದಲಾದದ್ದನ್ನು ನಮ್ಮ ಭಾಷೆಯಲ್ಲಿ ತಿಳಿದು, ಪ್ರಾಣ ಉಳಿಸಿಕೊಳ್ಳುವ ವಿಧಾನವನ್ನು ಬೇರೊಂದು ಭಾಷೆಯಲ್ಲಿ ಕೇಳುವ ಏರ್ಪಾಡು ವಿಚಿತ್ರ. ಗಡಿನಾಡಿನವರಿಗೆ ಇದು ಇನ್ನೂ ಒಂದು ಸುತ್ತು ಬಿಗಿ. ‘ಸ್ಥಳೀಯ ಭಾಷೆ’ ಎಂದಾಗ ರಾಜ್ಯದ ಅಧಿಕೃತ ಭಾಷೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ರೂಢಿ. ಕಡಲು ಕೆರಳುವ ಎಚ್ಚರಿಕೆ ತಮ್ಮ ಮೊಬೈಲಿಗೆ ಯಾವ ಭಾಷೆಯಲ್ಲಿ ಬಂದಿದೆಯೆಂದು ಓದುಗರು ಒಮ್ಮೆ ತೆರೆದು ನೋಡಲಿ.

ಇದು ದೂರದ ಮಾತೂ ಅಲ್ಲ. 2013ರ ಜೂನ್‌ನಲ್ಲಿ ಕೇರಳ ಸರಕಾರ ಅಷ್ಟಮುಡಿ ಕಾಯಲಿನಲ್ಲಿ ಸೀಪ್ಲೇನ್ ಯೋಜನೆಗೆ ಚಾಲನೆ ಕೊಟ್ಟಿತ್ತು. ಮೀನುಗಾರರ ವಿರೋಧದಿಂದ ಅದು ನಿಂತಿತು. 2024ರ ನವೆಂಬರ್ 11ರಂದು ಕೊಚ್ಚಿಯ ಬೋಲ್ಗಾಟಿಯಿಂದ ಇಡುಕ್ಕಿಯ ಮಾಟ್ಟುಪೆಟ್ಟಿ ಜಲಾಶಯಕ್ಕೆ ಮತ್ತೆ ಪರೀಕ್ಷಾ ಹಾರಾಟ ನಡೆಯಿತು. ನಮ್ಮ ಜಿಲ್ಲೆಯ ಪೆರಿಯದಲ್ಲಿ ಕಿರು ವಿಮಾನ ನಿಲ್ದಾಣದ ಪ್ರಸ್ತಾಪವೂ ವರ್ಷಗಳಿಂದ ಕೇಳಿಬರುತ್ತಿದೆ. ಸಣ್ಣ ವಿಮಾನಗಳನ್ನು ನಾವು ವಿರೋಧಿಸುತ್ತಿಲ್ಲ. ಕಾಸರಗೋಡಿನ ರೋಗಿಗೆ ಮಂಗಳೂರಿನ ದಾರಿ ಎಷ್ಟು ಉದ್ದವೆಂದು ಬಲ್ಲವರು ಯಾರೂ ವಿರೋಧಿಸಲಾರರು. ಯೋಜನೆಯ ಕಡತದಲ್ಲಿ ಪ್ರವಾಸೋದ್ಯಮದ ಚಿತ್ರಗಳಷ್ಟೇ ದಪ್ಪವಾಗಿ ರಕ್ಷಣೆಯ ಅಧ್ಯಾಯವೂ ಇರಬೇಕೆಂಬುದಷ್ಟೇ ನಮ್ಮ ಮಾತು.

ಆ ಅಧ್ಯಾಯದಲ್ಲಿ ಮೀನುಗಾರರ ಹೆಸರು ಮೊದಲಿಗೆ ಬರಬೇಕು. 2015ರ ಮಾರ್ಚ್ 24ರ ರಾತ್ರಿ ಗೋವೆಯ ಕಡಲಿನಲ್ಲಿ ನೌಕಾಪಡೆಯ ಡಾರ್ನಿಯರ್ ವಿಮಾನ ಬಿದ್ದಾಗ ಮೂವರಲ್ಲಿ ಇಬ್ಬರು ಯುವ ಅಧಿಕಾರಿಗಳು ಮೃತಪಟ್ಟರು. ಬದುಕಿದ ಒಬ್ಬರನ್ನು ನೀರಿನಿಂದ ಎತ್ತಿದ್ದು ಮೀನುಗಾರರ ದೋಣಿ. 2022ರ ನವೆಂಬರ್ 6ರಂದು ತಾಂಜಾನಿಯದ ಬುಕೋಬಾದಲ್ಲಿ 43 ಮಂದಿಯಿದ್ದ ವಿಮಾನ ಇಳಿಯಲು ಬರುತ್ತ ವಿಕ್ಟೋರಿಯ ಸರೋವರಕ್ಕೆ ಬಿದ್ದಾಗಲೂ ಮೊದಲು ತಲುಪಿದ್ದು ಹುಟ್ಟು ಹಾಕುತ್ತ ಬಂದ ಬೆಸ್ತರು. ಅಲ್ಲಿ 19 ಮಂದಿ ಸತ್ತರು, 24 ಮಂದಿ ಉಳಿದರು. ಸಮವಸ್ತ್ರದವರು ಬರುವ ಮುನ್ನ ಲುಂಗಿಯವರು ಬಂದಿರುತ್ತಾರೆ. ಹಾಗಿದ್ದೂ ಬಿದ್ದ ವಿಮಾನದ ಯಾವ ಬದಿಯಿಂದ ದೋಣಿ ತರಬೇಕು, ಕಿಟಕಿಯನ್ನು ಎಲ್ಲಿ ಒತ್ತಿದರೆ ಕಳಚುತ್ತದೆ, ಇಂಧನ ಹರಡಿದ ನೀರಿನಲ್ಲಿ ಎಂಜಿನ್ ಹಾಕಬಹುದೇ ಎಂಬುದನ್ನು ಅವರಿಗೆ ಅವರ ಮಾತಿನಲ್ಲಿ ಯಾರೂ ಹೇಳಿಕೊಟ್ಟದ್ದನ್ನು ನಾವು ಕಂಡಿಲ್ಲ. ಕರಾವಳಿ ಕಾವಲು ಪಡೆಯ ಉಚಿತ ಕರೆಯ ಸಂಖ್ಯೆ 1554. ನಮ್ಮ ಕರಾವಳಿಯ ಕನ್ನಡ ಶಾಲೆಗಳ ಗೋಡೆಗಳ ಮೇಲೆ ಈ ನಾಲ್ಕು ಅಂಕೆಗಳನ್ನು ಬರೆಸಲು ಯಾವ ಇಲಾಖೆಯ ಆದೇಶವೂ ಬೇಕಾಗಿಲ್ಲ. ರಕ್ಷಕ ಶಿಕ್ಷಕ ಸಂಘದ ಒಂದು ಸಭೆ, ಒಂದು ಡಬ್ಬಿ ಬಣ್ಣ ಸಾಕು.

ಉಳಿದವಕ್ಕೆ ಆದೇಶ ಬೇಕು. ನಾಗರಿಕರ ರಕ್ಷಣೆಗೆ ಹೊರಟು ಬಿದ್ದ ಹಾರಾಟಗಳ ತನಿಖೆಯ ಸಾರಾಂಶವನ್ನು ಪ್ರಕಟಿಸುವಂತೆ ರಕ್ಷಣಾ ಸಚಿವಾಲಯವನ್ನು ಸಂಸತ್ತಿನಲ್ಲಿ ಕೇಳಬೇಕಾದವರು ಕರಾವಳಿಯ ಸಂಸದರು, ನಮ್ಮವರೂ ಅವರಲ್ಲಿ ಸೇರಿದ್ದಾರೆ. ಅಂತಾರಾಷ್ಟ್ರೀಯ ನಿಯಮದಂತೆ ನಾಗರಿಕ ಅಪಘಾತದ ಅಂತಿಮ ವರದಿ ಸಾಧ್ಯವಾದರೆ 12 ತಿಂಗಳೊಳಗೆ ಬರಬೇಕು. ಬಾರದಿದ್ದರೆ ಪ್ರತಿ ವಾರ್ಷಿಕ ದಿನದಂದು ತನಿಖೆ ಎಲ್ಲಿಗೆ ಬಂದಿದೆಯೆಂದು ಹೇಳಬೇಕು. ಆ ವರದಿಯ ಹತ್ತು ಪುಟಗಳ ಸಾರವಾದರೂ ಮೃತರ ಮನೆಯವರ ಭಾಷೆಯಲ್ಲಿ ಅವರ ಕೈಸೇರಬೇಕು. ಮುಂದಿನ ತಿಂಗಳ ಪೋಷಕರ ಸಭೆಗಳಲ್ಲಿ ಸಹಿ ಸಂಗ್ರಹಿಸಲು ಮನವಿಯ ಕರಡೊಂದನ್ನು ನಾವು ಸಿದ್ಧಪಡಿಸುತ್ತಿದ್ದೇವೆ. ಹಡಗಿನ ಕೆಲಸದಲ್ಲಿರುವವರ ಮನೆಯವರು, ದೋಣಿಯವರು ಮೊದಲು ಅದನ್ನು ಓದಿ ತಿದ್ದಬೇಕೆಂದು ಕೋರುತ್ತೇವೆ.